ಮೂರು ಸಲ ಪ್ರೂಫ್ ನೋಡಿದೆ, ಆದರೂ 87ನೇ ಪುಟದಲ್ಲಿ ಒಂದು ಸೊನ್ನೆ ಹೋಯಿತು

ತೋಟದಮನೆ, ಹೊಸನಗರ ತಾಲ್ಲೂಕು
ಮೇ 18, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಪುಸ್ತಕ ಬರೆದವರು, ಅಚ್ಚು ಹಾಕಿಸಿದವರು, ಅಚ್ಚು ಹಾಕಿದವರು ಎಲ್ಲ ಇದ್ದೀರಿ. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ ಅನ್ನಿಸಿತು.

ನನ್ನ ಪುಸ್ತಕ ಹೋದ ವಾರ ಅಚ್ಚಾಗಿ ಬಂತು. ಅಡಿಕೆ ತೋಟದ ಕೆಲಸಗಳ ಬಗ್ಗೆ. ಅತ್ತೆ, ಮಾವ ಹೇಳಿಕೊಟ್ಟಿದ್ದು, ನಾವು 30 ವರ್ಷ ಮಾಡಿ ಕಲಿತಿದ್ದು, ಎಲ್ಲ ಸೇರಿಸಿ ನಾಲ್ಕು ವರ್ಷ ಕೂತು ಬರೆದೆ. ಹಗಲು ತೋಟ, ಕೊಟ್ಟಿಗೆ. ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಟೈಪ್ ಮಾಡುವುದು. ಪ್ರಕಾಶಕರು ಯಾರೂ ಇಲ್ಲ. ನಾವೇ ದುಡ್ಡು ಹಾಕಿ 300 ಪ್ರತಿ ಮಾಡಿಸಿದೆವು. 160 ಪುಟ, ಅಂದರೆ 16 ಪುಟದ ಹತ್ತು ಫಾರಂ.

ಕಟ್ಟು ಬಿಚ್ಚಿದ ದಿನ ಮನೆಯಲ್ಲಿ ಹಬ್ಬದ ಹಾಗಿತ್ತು. ಮೊದಲ ಪ್ರತಿ ದೇವರ ಮುಂದೆ ಇಟ್ಟೆವು. ಸಂಜೆ ದೀಪ ಹಚ್ಚಿ ಬಂದು ಜಗುಲಿಯಲ್ಲಿ ಕೂತು ಸುಮ್ನೆ ನಡುವೆ ಎಲ್ಲೋ ತೆರೆದೆ. ಅಧ್ಯಾಯದ ತಲೆಬರಹ. ದೊಡ್ಡ ಅಕ್ಷರದಲ್ಲಿ ‘ಕೊಲೆ ರೋಗ’ ಅಂತ ಇದೆ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ಅಲ್ಲ, ಕೊಲೆ. ಎದೆ ಧಸಕ್ಕೆಂದಿತು.

ಆಮೇಲೆ ಮೊದಲಿಂದ ಓದುತ್ತಾ ಹೋದೆ. ಅರ್ಪಣೆಯ ಪುಟದಲ್ಲಿ ಅತ್ತೆಯ ಹೆಸರಿನಲ್ಲಿ ಒಂದು ದೀರ್ಘ ಇಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರಿಗಾಗಿಯೇ ಬರೆದ ಪುಸ್ತಕ ಅದು. ಆ ಪುಟದಲ್ಲಿ ಇರುವುದೇ ಒಂದು ಸಾಲು. ಆ ಒಂದು ಸಾಲಿನಲ್ಲಿ ತಪ್ಪು.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. 87ನೇ ಪುಟಕ್ಕೆ ಬಂದಾಗ ಮಾತ್ರ ಕೈ ತಣ್ಣಗಾಯಿತು. ಕೊಳೆ ರೋಗಕ್ಕೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ ಮಾಡುವ ಅಳತೆ. ನಾನು ಬರೆದಿದ್ದು 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅಚ್ಚಾಗಿದ್ದು 10 ಲೀಟರ್ ನೀರು.

ತೋಟ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಪಟ್ಟು ಗಟ್ಟಿ. ಎಳೆ ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಅದನ್ನು ಹೊಡೆದರೆ ಸುಟ್ಟು ಹೋಗುತ್ತದೆ. ಇನ್ನೆರಡು ವಾರದಲ್ಲಿ ಮುಂಗಾರು. ಮೊದಲ ಔಷಧಿ ಹೊಡೆಯುವುದು ಮಳೆ ಹಿಡಿಯುವ ಮೊದಲೇ. ಆಗಲೇ 62 ಪುಸ್ತಕ ಮನೆಯಿಂದ ಹೊರಗೆ ಹೋಗಿವೆ.

ಮೂರು ಸಲ ಪ್ರೂಫ್ ನೋಡಿದ್ದೇನೆ. ಮಗ ಒಂದು ಸಲ ನೋಡಿದ್ದಾನೆ. ಯಾರಿಗೂ ಇದು ಕಾಣಲಿಲ್ಲ. ಕೇಳಿದವರೆಲ್ಲ ‘ಮುದ್ರಾರಾಕ್ಷಸ ಯಾರನ್ನು ಬಿಟ್ಟಿದ್ದಾನೆ’ ಅನ್ನುತ್ತಾರೆ. ಹಾಗೆ ಅಂದು ಸುಮ್ಮನಾಗಲು ನನಗೆ ಆಗುತ್ತಿಲ್ಲ. ಇದು ಹೇಗೆ ಆಗುತ್ತದೆ? ಈಗ ಏನು ಮಾಡಲಿ?

ಓದುಗ, ತೀರ್ಥಹಳ್ಳಿ
ಮೇ 18, ರಾತ್ರಿ 10.05

ಅಕ್ಕ, ಮೊದಲು ಸಮಾಧಾನ ಮಾಡಿಕೊಳ್ಳಿ. ಒಂದೂ ತಪ್ಪಿಲ್ಲದ ಪುಸ್ತಕ ನಾನಂತೂ ನೋಡಿಲ್ಲ. ದೊಡ್ಡ ದೊಡ್ಡ ಪ್ರಕಾಶನದ ಪುಸ್ತಕದಲ್ಲೂ ಪುಟಕ್ಕೊಂದು ಸಿಗುತ್ತದೆ. ‘ಕೊಲೆ ರೋಗ’ ಅಂತ ಇದ್ದರೂ ಮಲೆನಾಡಿನವರು ಕೊಳೆ ಅಂತಲೇ ಓದುತ್ತಾರೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ತೋಟದಮನೆ, ಹೊಸನಗರ ತಾಲ್ಲೂಕು
ಮೇ 18, ರಾತ್ರಿ 10.20

ನಿಮ್ಮ ಮಾತಿಗೆ ತುಂಬಾ ಥ್ಯಾಂಕ್ಸ್. ಕೊಳೆ, ಕೊಲೆ ಓದುಗರು ಸರಿ ಮಾಡಿಕೊಳ್ಳುತ್ತಾರೆ, ಒಪ್ಪುತ್ತೇನೆ. ಆದರೆ 10 ಲೀಟರ್ ಅನ್ನುವುದನ್ನು ಹೇಗೆ ಸರಿ ಮಾಡಿಕೊಳ್ಳುತ್ತಾರೆ? ಅದು ತಪ್ಪು ಅಂತ ಕಾಣುವುದೇ ಇಲ್ಲವಲ್ಲ. ಹಳಬರಿಗೆ ಗೊತ್ತಾಗುತ್ತದೆ. ನಾನು ಬರೆದಿದ್ದು ಹೊಸಬರಿಗೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿರುವ ಹುಡುಗರಿಗೆ.

ಡಿಟಿಪಿ ಕೆಲಸದವ, ಶಿವಮೊಗ್ಗ
ಮೇ 19, ಬೆಳಿಗ್ಗೆ 7.15

ಅಮ್ಮಾ, ನಿಮ್ಮ ಪುಸ್ತಕ ಮಾಡಿದವನು ನಾನಲ್ಲ. ಆದರೆ 18 ವರ್ಷದಿಂದ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಇದೇ ಕೆಲಸ ಮಾಡುತ್ತಿದ್ದೇನೆ. ರಾತ್ರಿ ನಿಮ್ಮದು ಓದಿದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ.

‘ಕೊಲೆ’ ಹೇಗಾಯಿತು ಅಂತ ನೋಡದೆಯೇ ಹೇಳುತ್ತೇನೆ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್‌ನಲ್ಲಿ ನಾವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಅದರಲ್ಲಿ ಲ, ಳ ಎರಡೂ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ಳ, ಒತ್ತದಿದ್ದರೆ ಲ. ನ, ಣ ಕೂಡ ಹಾಗೆಯೇ. ಕಿರುಬೆರಳು ಒಂದು ಕ್ಷಣ ತಡವಾದರೆ ಹಳ್ಳಿ ಹೋಗಿ ಹಲ್ಲಿ, ಬೆಳೆ ಹೋಗಿ ಬೆಲೆ, ಗಾಳಿ ಹೋಗಿ ಗಾಲಿ. ತಪ್ಪು ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿದರೂ ಉಪಯೋಗವಿಲ್ಲ, ಎರಡೂ ಸರಿಯಾದ ಪದವೇ ಅಲ್ವಾ? ಅಧ್ಯಾಯದ ತಲೆಬರಹಗಳನ್ನು ನಾವು ಅಲಂಕಾರಕ್ಕೆ ಬೇರೆ ಅಕ್ಷರವಿನ್ಯಾಸದಲ್ಲಿ ಹೊಸದಾಗಿ ಟೈಪ್ ಮಾಡುತ್ತೇವೆ. ನಿಮ್ಮದರಲ್ಲೂ ಹಾಗೇ ಆಗಿರಬಹುದು.

ಸೊನ್ನೆಯ ವಿಷಯಕ್ಕೆ ಒಂದು ಪ್ರಶ್ನೆ. ನೀವು ಮೂಲದಲ್ಲಿ ಕನ್ನಡ ಅಂಕಿ ಬಳಸಿದ್ದಿರಾ, ಇಂಗ್ಲಿಷ್ ಅಂಕಿಯಾ? ನಡುವೆ ಬದಲಾಯಿಸಲು ಹೇಳಿದ್ದಿರಾ?

ಇನ್ನೊಂದು ಮಾತು. ತಪ್ಪೆಲ್ಲ ಡಿಟಿಪಿಯವನದು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಕೊಡುವುದು ಪುಟಕ್ಕೆ ಇಷ್ಟು ಅಂತ. ಅದರಲ್ಲಿ ಓದುವ ಕೂಲಿ ಸೇರಿಲ್ಲ. ನಾವು ಜೋಡಿಸುತ್ತೇವೆ, ಓದುವುದಿಲ್ಲ. ಲೇಖಕರು ಅರ್ಧ ಹಸ್ತಪ್ರತಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಉಳಿದರ್ಧ ಹಳೇ ನುಡಿ ಫೈಲು. ಹಳೇ ನುಡಿಯಿಂದ ಯುನಿಕೋಡಿಗೆ, ಅಂದರೆ ಈಗ ಫೋನು, ಕಂಪ್ಯೂಟರುಗಳಲ್ಲಿ ನಡೆಯುವ ಅಕ್ಷರ ಸಂಕೇತಕ್ಕೆ, ತಂದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಹಳೇ ಅಕ್ಷರಗಳಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ಇರುತ್ತದೆ. ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಒಂದು ಕಡೆ ಎಡವಿದರೆ ಅದೇ ತಪ್ಪು ಪುಸ್ತಕವಿಡೀ ಇರುತ್ತದೆ. ಕೊನೇ ಪ್ರೂಫ್ ಆದ ಮೇಲೆ ಧ್ವನಿ ಸಂದೇಶದಲ್ಲಿ ‘43ನೇ ಪುಟದಲ್ಲಿ ಆ ಸಾಲು ತೆಗೆದುಬಿಡಿ’ ಅನ್ನುತ್ತಾರೆ. ಒಂದು ಸಾಲು ತೆಗೆದರೆ ಮುಂದಿನ ಹತ್ತು ಪುಟ ಅಲುಗಾಡುತ್ತವೆ. ಅದನ್ನು ಮತ್ತೆ ಯಾರು ಓದಿದರು?

ತೋಟದಮನೆ, ಹೊಸನಗರ ತಾಲ್ಲೂಕು
ಮೇ 19, ಮಧ್ಯಾಹ್ನ 1.30

ನಿಮ್ಮ ಪ್ರಶ್ನೆ ಓದಿ ಹಳೇ ಫೈಲು ತೆಗೆದು ನೋಡಿದೆ. ಹೌದು, ನಾನು ಬರೆದಿದ್ದು ಕನ್ನಡ ಅಂಕಿಯಲ್ಲಿ, ೧೦೦ ಲೀಟರ್ ಅಂತ. ಮೂರನೇ ಪ್ರೂಫ್ ಆದ ಮೇಲೆ ಮಗ ಹೇಳಿದ, ಈಗಿನ ಹುಡುಗರಿಗೆ ಕನ್ನಡ ಅಂಕಿ ತಟ್ಟನೆ ಓದಲು ಬರುವುದಿಲ್ಲ ಅಂತ. ಡಿಟಿಪಿಯವರಿಗೆ ಫೋನ್ ಮಾಡಿ ಎಲ್ಲವನ್ನೂ 1, 2, 3 ಮಾಡಿ ಅಂದೆ. ಒಂದೇ ದಿನದಲ್ಲಿ ಮಾಡಿ ಕೊಟ್ಟರು. ಅದಾದ ಮೇಲೆ ನಾನು ಮತ್ತೆ ಓದಲಿಲ್ಲ. ಬರೀ ಅಂಕಿ ತಾನೇ ಅಂದುಕೊಂಡೆ.

ಡಿಟಿಪಿ ಕೆಲಸದವ, ಶಿವಮೊಗ್ಗ
ಮೇ 19, ಮಧ್ಯಾಹ್ನ 1.50

ಅಮ್ಮಾ, ಒಂದು ಕೆಲಸ ಮಾಡಿ. ನಿಮ್ಮ ಮೂಲ ಫೈಲಿನಲ್ಲಿ ಹುಡುಕುವ ಜಾಗಕ್ಕೆ ಹೋಗಿ. ಕನ್ನಡ ಅಂಕಿಯ ಕೀಲಿಮಣೆಯಿಂದಲೇ ೧೦೦ ಅಂತ ಹೊಡೆದು ಹುಡುಕಿ. ಆ ಸಾಲು ಸಿಗುತ್ತದಾ ನೋಡಿ ಹೇಳಿ.

ತೋಟದಮನೆ, ಹೊಸನಗರ ತಾಲ್ಲೂಕು
ಮೇ 19, ಮಧ್ಯಾಹ್ನ 2.25

ಸಿಗುತ್ತಿಲ್ಲ! ಬೇರೆ ಎರಡು ಕಡೆ ಇರುವ ೧೦೦ ಸಿಕ್ಕಿತು. ಈ ಸಾಲಿನದು ಸಿಗುತ್ತಿಲ್ಲ. ಕಣ್ಣಿಗೆ ಮಾತ್ರ ೧೦೦ ಅಂತಲೇ ಕಾಣುತ್ತಿದೆ. ಇದೇನು?

ಡಿಟಿಪಿ ಕೆಲಸದವ, ಶಿವಮೊಗ್ಗ
ಮೇ 19, ಮಧ್ಯಾಹ್ನ 2.40

ನಾನು ಅಂದುಕೊಂಡಿದ್ದೇ ಆಯಿತು. ಆ ಕೊನೆಯ ಸೊನ್ನೆ ಅಂಕಿಯಲ್ಲ. ಅದು ಅನುಸ್ವಾರ. ‘ಅಂ’ ಅಕ್ಷರದ ಪಕ್ಕದ ಸೊನ್ನೆ. ನೋಡಲು ಎರಡೂ ಒಂದೇ ಥರ, ನಾವು ಕರೆಯುವುದೂ ಎರಡನ್ನೂ ಸೊನ್ನೆ ಅಂತಲೇ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ಫೋನಿನಲ್ಲಿ ಟೈಪ್ ಮಾಡುವಾಗ ಅಂಕಿಗೆ ಬೇರೆ ಪರದೆಗೆ ಹೋಗಬೇಕು. ಅವಸರದಲ್ಲಿ ಕೈಗೆ ಹತ್ತಿರವಿದ್ದ ಅನುಸ್ವಾರ ಒತ್ತಿದ್ದೀರಿ. ತುಂಬಾ ಜನ ಹಾಗೆ ಮಾಡುತ್ತಾರೆ.

ಡಿಟಿಪಿಯವರು ಒಂದೇ ಸಲ ‘೦ ಇದ್ದ ಕಡೆಯೆಲ್ಲ 0 ಮಾಡು’ ಅಂತ ಆದೇಶ ಕೊಟ್ಟಿರುತ್ತಾರೆ. ನಿಜವಾದ ಅಂಕಿಗಳು ಬದಲಾದವು. ಅನುಸ್ವಾರ ಬದಲಾಗಲಿಲ್ಲ. 10ರ ಮುಂದೆ ಒಂದು ಒಂಟಿ ಅನುಸ್ವಾರ ಉಳಿಯಿತು. ಅದು ಸಾಮಾನ್ಯವಾಗಿ ಚುಕ್ಕಿಗಳ ವೃತ್ತದ ಜೊತೆ ಕಸದ ಹಾಗೆ ಕಾಣುತ್ತದೆ. ಕಸ ಅಂತ ತೆಗೆದುಹಾಕಿರುತ್ತಾರೆ. ನಾನಾಗಿದ್ದರೂ ತೆಗೆಯುತ್ತಿದ್ದೆ.

ನಿಮ್ಮ ಮೂರೂ ಪ್ರೂಫ್‌ನಲ್ಲಿ ಅದು ಸರಿಯಾಗಿಯೇ ಕಂಡಿದೆ. ನಿಮ್ಮ ಕಣ್ಣಿನ ತಪ್ಪಲ್ಲ ಅಮ್ಮಾ.

ನಿವೃತ್ತ ಕನ್ನಡ ಮೇಷ್ಟ್ರು, ಸಾಗರ
ಮೇ 19, ಸಂಜೆ 6.10

ಮೇಲಿನ ವಿವರಣೆ ಓದಿ ಆಶ್ಚರ್ಯವಾಯಿತು. 40 ವರ್ಷ ಕನ್ನಡ ಪಾಠ ಮಾಡಿದವನು ನಾನು. ಈ ಎರಡು ಸೊನ್ನೆ ಬೇರೆ ಅನ್ನುವುದು ನನಗೂ ಹೊಳೆದಿರಲಿಲ್ಲ.

ಸ್ನೇಹಿತರ ಪುಸ್ತಕಗಳಿಗೆ ಕರಡು ತಿದ್ದಿಕೊಡುತ್ತೇನೆ. ತಾಯಿ, ಒಂದು ಮಾತು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಬರೆದವರು ತಮ್ಮದೇ ಕರಡು ಮೂರು ಸಲ ಅಲ್ಲ, ಮೂವತ್ತು ಸಲ ನೋಡಿದರೂ ಪ್ರಯೋಜನ ಕಡಿಮೆ. ಕಾಗದದಲ್ಲಿ ಏನಿದೆ ಅಂತ ಅವರು ಓದುವುದಿಲ್ಲ. ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಓದುತ್ತಾರೆ. ನಿಮ್ಮ ಅತ್ತೆಯವರ ಹೆಸರನ್ನು ನೀವು ಎಷ್ಟು ವರ್ಷ ಕೂಗಿದ್ದೀರಿ? ಆ ಹೆಸರಿನ ಮೊದಲ ಅಕ್ಷರ ಕಂಡ ಕೂಡಲೇ ಮನಸ್ಸು ಪೂರ್ತಿ ಹೆಸರು ಹೇಳಿಬಿಡುತ್ತದೆ. ದೀರ್ಘ ಇದೆಯಾ ಇಲ್ಲವಾ ಅಂತ ಕಣ್ಣು ನೋಡಲು ಹೋಗುವುದೇ ಇಲ್ಲ. ಪ್ರೀತಿ ಇದ್ದ ಕಡೆ ತಪ್ಪು ಕಾಣುವುದು ಇನ್ನೂ ಕಷ್ಟ.

ಹಾಗಾಗಿ ಪುಸ್ತಕದ ವಿಷಯ ಗೊತ್ತಿಲ್ಲದ ಒಬ್ಬರು ಓದಬೇಕು. ಅವರಿಗೆ ಸಂಬಳ ಕೊಡಬೇಕು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮುಖಪುಟಕ್ಕೆ ದುಡ್ಡು ಕೊಡುತ್ತಾರೆ, ಬಿಡುಗಡೆ ಸಮಾರಂಭಕ್ಕೆ ಶಾಮಿಯಾನ ಹಾಕಿಸುತ್ತಾರೆ, ಕರಡು ಮಾತ್ರ ‘ಸ್ವಲ್ಪ ನೋಡಿಕೊಡಿ ಮೇಷ್ಟ್ರೇ’ ಅಂತ ಪುಕ್ಕಟೆ. ಪುಕ್ಕಟೆ ಕೆಲಸ ಅವಸರದಲ್ಲಿ ಆಗುತ್ತದೆ. ನಾನೂ ಹಾಗೆ ಮಾಡಿದ್ದೇನೆ, ಅದರ ಬೇಸರ ನನಗಿದೆ.

ನನ್ನ ರೂಢಿ ಹೇಳುತ್ತೇನೆ. ಪರದೆಯ ಮೇಲೆ ನೋಡುವುದಿಲ್ಲ, ಕಾಗದದಲ್ಲೇ. ತಲೆಬರಹ, ಅರ್ಪಣೆ, ಪರಿವಿಡಿ, ಚಿತ್ರದ ಕೆಳಗಿನ ಸಾಲು, ಬೆನ್ನುಡಿ, ಇವಿಷ್ಟನ್ನು ಬೇರೆಯಾಗಿ ಒಂದು ದಿನ ನೋಡುತ್ತೇನೆ. ದೊಡ್ಡ ಅಕ್ಷರದ ತಪ್ಪು ಯಾರಿಗೂ ಕಾಣುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಓದುವುದಿಲ್ಲ. ಇನ್ನೊಂದು ದಿನ ಬರೀ ಅಂಕಿ. ಹಸ್ತಪ್ರತಿ ಪಕ್ಕದಲ್ಲಿ ಇಟ್ಟುಕೊಂಡು ಪ್ರತಿ ಅಂಕಿಗೂ ಪೆನ್ಸಿಲ್ ಗೀಟು. ನಿಮ್ಮಂಥ ಪುಸ್ತಕಕ್ಕೆ ಇದು ಆಗಲೇಬೇಕು.

ಹುಡುಗ ಲೇಖಕ, ಕೊಪ್ಪ
ಮೇ 19, ರಾತ್ರಿ 8.30

ಮೇಷ್ಟ್ರು ಹೇಳಿದ್ದು ಸರಿ. ಆದರೆ ವಿಷಯ ಗೊತ್ತಿಲ್ಲದವರು ಓದಿದರೆ ಬೇರೆ ಅಪಾಯವಿದೆ. ನನ್ನ ಕಥೆಗಳ ಪುಸ್ತಕಕ್ಕೆ ಬಯಲುಸೀಮೆಯ ಒಬ್ಬರ ಹತ್ತಿರ ದುಡ್ಡು ಕೊಟ್ಟೇ ಕರಡು ತಿದ್ದಿಸಿದೆ. ಶ್ರದ್ಧೆಯಿಂದ ಮಾಡಿದರು. ‘ಕೊನೆ ಕೊಯ್ಲು’ ಅಂತ ನಾನು ಬರೆದಿದ್ದನ್ನು ‘ಕೊನೆಯ ಕೊಯ್ಲು’ ಅಂತ ತಿದ್ದಿದ್ದಾರೆ. ಅಡಿಕೆ ಗೊಂಚಲಿಗೆ ನಾವು ಕೊನೆ ಅನ್ನುತ್ತೇವೆ ಅಂತ ಅವರಿಗೆ ಗೊತ್ತಿಲ್ಲ. ಓದಿದರೆ ಆ ಮನೆಯವರು ತೋಟ ಮಾರಿಬಿಟ್ಟರೇನೋ ಅನ್ನಿಸುತ್ತದೆ. ಅಡಿಕೆ ಬೇಯಿಸಿದ ಕೆಂಪು ರಸ, ‘ಚೊಗರು’ ಇದ್ದದ್ದು ‘ಚಿಗುರು’ ಆಗಿದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಚಿಗುರು ಕುದಿಯುತ್ತಿದೆ! ಮಂಡಿಗೆ ಹೋದ ‘ಬೆಟ್ಟೆ’ ಅಡಿಕೆಯ ಮೂಟೆ ‘ಬೆಟ್ಟ’ದ ಮೂಟೆಯಾಗಿದೆ.

ಇವು ಅಚ್ಚಿನ ತಪ್ಪಿಗಿಂತ ಜಾಸ್ತಿ ನೋವು ಕೊಟ್ಟವು. ಅಚ್ಚಿನ ತಪ್ಪಾದರೆ ಓದುಗರು ತಪ್ಪು ಅಂತ ಗುರುತಿಸುತ್ತಾರೆ. ಇದನ್ನು ನಾನೇ ಬರೆದೆ ಅಂದುಕೊಳ್ಳುತ್ತಾರೆ.

ನಿವೃತ್ತ ಕನ್ನಡ ಮೇಷ್ಟ್ರು, ಸಾಗರ
ಮೇ 19, ರಾತ್ರಿ 8.55

ಒಪ್ಪಿದೆ ತಮ್ಮಾ. ಊರಿನ ಪದಗಳ ಒಂದು ಪಟ್ಟಿಯನ್ನು ಕರಡಿನ ಜೊತೆ ಮೊದಲೇ ಕೊಡಬೇಕು. ‘ಇವನ್ನು ಮುಟ್ಟಬೇಡಿ’ ಅಂತ. ಅನುಮಾನ ಬಂದರೆ ತಿದ್ದದೆ, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ ಅಂತ ಹೇಳಬೇಕು. ಕರಡು ತಿದ್ದುವವನಿಗೆ ಆ ವಿನಯ ಬೇಕು.

ಮೊಳೆ ಜೋಡಿಸಿದವ, ಭದ್ರಾವತಿ
ಮೇ 20, ಬೆಳಿಗ್ಗೆ 6.30

ನಾನು 1978ರಿಂದ ಲೆಟರ್‌ಪ್ರೆಸ್‌ನಲ್ಲಿ ಕಂಪೋಸಿಂಗ್ ಮಾಡಿದವನು. ನಮ್ಮ ಕಾಲದ ತಪ್ಪು ಬೇರೆ ಥರದ್ದು. ಅಚ್ಚಾದ ಮೇಲೆ ಮೊಳೆಗಳನ್ನು, ಅಂದರೆ ಸೀಸದ ಅಕ್ಷರಗಳನ್ನು, ಬಿಡಿಸಿ ಆಯಾ ಗೂಡಿಗೆ ಹಾಕಬೇಕು. ದಣಿದವನು ಲ ಗೂಡಿಗೆ ಳ ಹಾಕಿದರೆ ಮುಂದಿನ ಪುಸ್ತಕದಲ್ಲಿ ತಪ್ಪು. ಕೈ ನೋಡದೆ ಹೋಗುತ್ತದೆ, ಬರುವುದು ಬೇರೆ ಅಕ್ಷರ.

ಆದರೆ ಒಂದು ಒಳ್ಳೆಯ ಪದ್ಧತಿ ಇತ್ತು. ಪ್ರೂಫ್ ಯಾವಾಗಲೂ ಇಬ್ಬರು ಕೂತು ನೋಡುವುದು. ಒಬ್ಬ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬ ಪ್ರೂಫ್ ಮೇಲೆ ಕಡ್ಡಿ ಇಟ್ಟು ನೋಡುತ್ತಾನೆ. ‘ಕೊಳೆ, ಳಕಾರ. ನೂರು, ಒಂದು ಎರಡು ಸೊನ್ನೆ. ಅಲ್ಪವಿರಾಮ. ಪೂರ್ಣವಿರಾಮ.’ ಹೀಗೆ ಎಲ್ಲ ಬಾಯಲ್ಲಿ ಹೇಳಬೇಕು. ಬೇಸರದ ಕೆಲಸ. ಗಂಟಲು ಒಣಗುತ್ತದೆ. ಆದರೆ ಕಿವಿಗೆ ಬಿದ್ದ ಅಕ್ಷರ ಕಣ್ಣಿಗೆ ಕಾಣದಿದ್ದರೆ ತಕ್ಷಣ ಗೊತ್ತಾಗುತ್ತದೆ. ಈಗ ಯಾರೂ ಹೀಗೆ ಮಾಡುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಸಾಕು, ಮಾಡಬಹುದು.

ಈಗ ಆಗಿರುವುದಕ್ಕೆ: ಬೈಂಡಿಂಗ್ ಆಗಿರುವುದರಿಂದ ಒಂದು ಫಾರಂ ಬದಲಿಸಲು ಬರುವುದಿಲ್ಲ. ಬರೀ ತಪ್ಪು-ಒಪ್ಪು ಚೀಟಿ ಇಟ್ಟರೆ ಬಿದ್ದು ಹೋಗುತ್ತದೆ. 87ನೇ ಪುಟಕ್ಕೆ ಸಣ್ಣ ಸ್ಟಿಕರ್ ಅಂಟಿಸಿ, ಅದರ ಜೊತೆ ಪೆನ್ನಿನಲ್ಲೂ ಬರೆಯಿರಿ. ನಮ್ಮ ಮಳೆಗಾಲದ ತಂಡಿಗೆ ಪುಸ್ತಕಕ್ಕೇ ಬೂಷ್ಟು ಬರುತ್ತದೆ, ಸ್ಟಿಕರ್ ಅಂಟು ಯಾವ ಲೆಕ್ಕ. ಬಾಲ್ ಪೆನ್ನಲ್ಲೇ ಬರೆಯಿರಿ, ಶಾಯಿ ಪೆನ್ನು ಬೇಡ.

ಪುಸ್ತಕ ಕೊಂಡವ, ರಿಪ್ಪನ್‌ಪೇಟೆ
ಮೇ 20, ಬೆಳಿಗ್ಗೆ 9.10

ಅಕ್ಕ, ನಿಮ್ಮ ಪುಸ್ತಕ ನಮ್ಮ ಮನೆಯಲ್ಲಿದೆ. ಇದನ್ನು ಓದಿದ ಮೇಲೆ ತೆಗೆದು ನೋಡಿದೆ. ನಮ್ಮ ಅಪ್ಪಯ್ಯ ಆಗಲೇ 87ನೇ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸೇರಿಸಿದ್ದಾರೆ. ಕೇಳಿದರೆ, ‘10 ಲೀಟರಿಗೆ ಅಷ್ಟು ಹಾಕಿದರೆ ಮುಲಾಮು ಆಗುತ್ತದೆ, ಮರದ ಗಾಯಕ್ಕೆ ಬಳಿಯುವುದು. ಕೊನೆಗೆ ಹೊಡೆಯುವುದಲ್ಲ’ ಅಂದರು. ಅದಕ್ಕೇ ನನಗೆ ಭಯವಾಯಿತು. ಬೋರ್ಡೋ ಮುಲಾಮಿನ ಅಳತೆ ನಿಜವಾಗಿ ಅದೇ, 1 ಕೆಜಿ, 1 ಕೆಜಿ, 10 ಲೀಟರ್. ಹೊಸಬರು ಬೇರೆ ಪುಸ್ತಕದಲ್ಲಿ ನೋಡಿ ತಾಳೆ ಹಾಕಿದರೂ ಸರಿ ಅಂದುಕೊಳ್ಳಬಹುದು.

ಪುಸ್ತಕ ತುಂಬಾ ಚೆನ್ನಾಗಿದೆ. ದ್ರಾವಣ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುವ ಭಾಗ ಅಪ್ಪಯ್ಯ ಎರಡು ಸಲ ಓದಿಸಿಕೊಂಡರು.

ಡಿಟಿಪಿ ಕೆಲಸದವ, ಶಿವಮೊಗ್ಗ
ಮೇ 20, ಬೆಳಿಗ್ಗೆ 11.00

ಮುಂದಿನ ಸಲ ಮಾಡಿಸುವವರಿಗೆ ಒಂದು ಸಲಹೆ. ಒಂದೇ ಸಲ 300 ಪ್ರತಿ ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಯಂತ್ರದಲ್ಲಿ, ಹಾಕಿಸಬೇಡಿ. ಮೊದಲು ಡಿಜಿಟಲ್ ಪ್ರಿಂಟಿನಲ್ಲಿ 15, 20 ಪ್ರತಿ ಮಾಡಿಸಿ. ಪ್ರತಿಗೆ ಖರ್ಚು ಜಾಸ್ತಿ, ಹೌದು. ಆದರೆ ಅವನ್ನು ಹತ್ತು ಜನ ಓದುಗರಿಗೆ ಕೊಟ್ಟು ಒಂದು ತಿಂಗಳು ಬಿಡಿ. ಪುಸ್ತಕದ ರೂಪದಲ್ಲಿ ಕಂಡಾಗಲೇ ತಪ್ಪುಗಳು ಕಣ್ಣಿಗೆ ಬೀಳುವುದು, ಯಾಕೋ ಗೊತ್ತಿಲ್ಲ. ಆಮೇಲೆ ಆಫ್‌ಸೆಟ್‌ಗೆ ಹೋಗಿ. ಪ್ಲೇಟಿಗೆ ಹೋಗುವ ಕೊನೆಯ ಪಿಡಿಎಫ್ ಅನ್ನೇ ಪ್ರಿಂಟ್ ತೆಗೆಸಿ, ಪ್ರತಿ ಪುಟಕ್ಕೂ ಸಹಿ ಹಾಕಿ ಕೊಡಿ. ಸಹಿ ಆದ ಮೇಲೆ ಒಂದು ಅಕ್ಷರವನ್ನೂ ಮುಟ್ಟಬೇಡಿ, ಮುಟ್ಟಲು ನಮಗೂ ಬಿಡಬೇಡಿ.

ಅಮ್ಮಾ, ತಪ್ಪು ತಿದ್ದಿ ಮರುಮುದ್ರಣ ಮಾಡಿದರೆ ಅದೇ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಸಾಕು. ವಿಷಯ ಸೇರಿಸಿ ಪರಿಷ್ಕೃತ ಆವೃತ್ತಿ ಮಾಡಿದರೆ ಮಾತ್ರ ಹೊಸದು ಬೇಕು. ಆಗ ನನ್ನ ಹತ್ತಿರ ಬನ್ನಿ. 87ನೇ ಪುಟ ನಾನೇ ಗಟ್ಟಿಯಾಗಿ ಓದುತ್ತೇನೆ, ನೀವು ನೋಡಿ.

ತೋಟದಮನೆ, ಹೊಸನಗರ ತಾಲ್ಲೂಕು
ಮೇ 22, ರಾತ್ರಿ 10.15

ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಎರಡು ದಿನದಿಂದ ಮನೆಯಲ್ಲಿ ಇದೇ ಕೆಲಸ. ಉಳಿದ 238 ಪುಸ್ತಕ ಜಗುಲಿಯ ತುಂಬ ಹರಡಿಕೊಂಡಿವೆ. ಸೊಸೆ 87ನೇ ಪುಟ ತೆರೆದು ಕೊಡುತ್ತಾಳೆ. ನಾನು 10ರ ಪಕ್ಕದಲ್ಲಿ ಸೊನ್ನೆ ಬರೆಯುತ್ತೇನೆ. ಮಗ ಅದರ ಪಕ್ಕದ ಅಂಚಿನಲ್ಲಿ ‘100 ಲೀಟರ್ ನೀರು’ ಅನ್ನುವ ಸ್ಟಿಕರ್ ಅಂಟಿಸುತ್ತಾನೆ. ನಿನ್ನೆ ಮಳೆಗೆ ಕರೆಂಟು ಹೋಗಿತ್ತು, ಚಾರ್ಜರ್ ಲೈಟಿನಲ್ಲಿ ಮಾಡಿದೆವು. 200 ದಾಟಿದ್ದೇವೆ.

ಅರ್ಪಣೆಯ ಪುಟ ನಾನೊಬ್ಬಳೇ ಮಾಡುತ್ತಿದ್ದೇನೆ. ಪ್ರತಿ ಪುಸ್ತಕದಲ್ಲೂ ಅತ್ತೆಯ ಹೆಸರಿಗೆ ಕೈಯಿಂದ ದೀರ್ಘ ಎಳೆಯುತ್ತೇನೆ. ಅವರು ಅಂಗನವಾಡಿಯ ಹುಡುಗಿಯ ಹತ್ತಿರ ಸಹಿ ಹಾಕಲು ಕಲಿತಾಗ ಅವರಿಗೆ 60 ದಾಟಿತ್ತು. ಆ ದೀರ್ಘವನ್ನು ಅವರು ಉದ್ದಕ್ಕೆ, ಸಾಲಿನ ಆಚೆಗೂ ಎಳೆಯುತ್ತಿದ್ದರು. ನನ್ನ ಕೈಯೂ ಈಗ ಹಾಗೇ ಎಳೆಯುತ್ತಿದೆ.

ನನ್ನ ಡಿಟಿಪಿಯವರಿಗೆ ಫೋನ್ ಮಾಡಿ ಅನುಸ್ವಾರದ ವಿಷಯ ಹೇಳಿದೆ. ಮೊದಲ ದಿನ ಅವರ ಮೇಲೆ ಕೂಗಾಡಿದ್ದೆ. ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸ್ಟಿಕರ್ ಅವರೇ ಪ್ರಿಂಟ್ ಮಾಡಿ ಬಸ್ಸಿನಲ್ಲಿ ಕಳಿಸಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು ಅಂತ 1954ರ ಕಾನೂನು ಇದೆಯಂತೆ, ಮಗ ಹೇಳಿದ. ಪುಣ್ಯಕ್ಕೆ ಇನ್ನೂ ಕಳಿಸಿಲ್ಲ. ತಿದ್ದಿದ್ದನ್ನೇ ಕಳಿಸುತ್ತೇನೆ. ಮೇಷ್ಟ್ರೇ, ಮರುಮುದ್ರಣ ಆಗುವುದಾದರೆ ನಿಮ್ಮ ಹತ್ತಿರ ಬರುತ್ತೇನೆ. ಸಂಬಳ ಎಷ್ಟು ಅಂತ ಮೊದಲೇ ಹೇಳಬೇಕು.

ಹೊರಗೆ ಹೋದ 62 ಪುಸ್ತಕದಲ್ಲಿ 58 ಜನರಿಗೆ ಫೋನ್ ಮಾಡಿ, ಅವರು ಫೋನ್ ಹಿಡಿದಿರುವಾಗಲೇ ಪುಟ ತೆರೆಸಿ ತಿದ್ದಿಸಿದ್ದೇನೆ. ಇನ್ನು ನಾಲ್ಕು ಸಿಕ್ಕಿಲ್ಲ. ಅವು ಮೇ 14ರಂದು ಸಾಗರದಲ್ಲಿ ನಮ್ಮ ನೆಂಟರ ಮದುವೆ ಮನೆಯಲ್ಲಿ ಮಾರಾಟವಾದವು. ದುಡ್ಡು ತೆಗೆದುಕೊಂಡ ಹುಡುಗ ಹೆಸರು ಬರೆದುಕೊಂಡಿಲ್ಲ. ತೆಗೆದುಕೊಂಡವರಲ್ಲಿ ಇಬ್ಬರು ಸಿದ್ದಾಪುರದ ಕಡೆಯವರು ಅಂತ ಮಾತ್ರ ಅವನಿಗೆ ನೆನಪು. ನಿಮ್ಮ ಕಡೆ ಯಾರ ಮನೆಯಲ್ಲಾದರೂ ಹಸಿರು ಮುಖಪುಟದ, ಅಡಿಕೆ ಕೊನೆಯ ಚಿತ್ರವಿರುವ ಪುಸ್ತಕ ಕಂಡರೆ ದಯವಿಟ್ಟು ತೆರೆದು ನೋಡಿ. 87ನೇ ಪುಟ, ಮೇಲಿನಿಂದ ಆರನೇ ಸಾಲು. 100 ಲೀಟರ್.